ಬೀರಪ್ಪನ ಕೆಂಪು ಗೆರೆ

ಹಿರೇಗುತ್ತಿಯ ಬೀರಪ್ಪ ಮೊಣಕಾಲು ನೋವಿಗೆ ಮುಲಾಮು ಬರೆಸಿಕೊಂಡು ಬರೋಣವೆಂದು ಕುಮಟೆಗೆ ಹೋದವನು ಎದೆಯ ಕಾಯಿಲೆ ತೆಗೆದುಕೊಂಡು ಮರಳಿದ. ಇದಕ್ಕೆ ಅವನು ಕೊನೆಯವರೆಗೂ ಡಾಕ್ಟರನ್ನೇ ಹೊಣೆ ಮಾಡಿದ. ಮೊಣಕಾಲು ತೋರಿಸಿದವನ ಎದೆಗೆ ಕೊಳವೆ ಇಡುವ ಅಗತ್ಯ ಏನಿತ್ತು? ಇಡದಿದ್ದರೆ ಕಾಯಿಲೆಯೇ ಇರುತ್ತಿರಲಿಲ್ಲವಲ್ಲ!

ಡಾಕ್ಟರ್ ಮಾಲಿನಿ ಇನ್ನೂ ಚಿಕ್ಕ ಪ್ರಾಯದವರು. ಎದೆಗೆ ಕೊಳವೆ ಇಟ್ಟು ಕೇಳಿದರು, ಬೆನ್ನಿಗೆ ಇಟ್ಟು ಕೇಳಿದರು, ಮಣಿಕಟ್ಟು ಹಿಡಿದು ಗೋಡೆಯ ಗಡಿಯಾರವನ್ನು ಪೂರ್ತಿ ಒಂದು ನಿಮಿಷ ದಿಟ್ಟಿಸಿದರು. ಆಮೇಲೆ ಮೈಗೆಲ್ಲ ತಂತಿ ಅಂಟಿಸಿ ಉದ್ದದ ಕಾಗದವೊಂದನ್ನು ತೆಗೆಸಿ ನೋಡಿ, “ಬೀರಪ್ಪನವರೇ, ನಿಮ್ಮ ಎದೆಬಡಿತಕ್ಕೆ ತಾಳವೇ ಇಲ್ಲ” ಎಂದರು.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಬೀರಪ್ಪನಿಗೆ ಸಿಟ್ಟು ಬಂತು. ಹೋಳಿಯ ಹೊತ್ತಿಗೆ ಮನೆಮನೆಗೆ ಕುಣಿಯುತ್ತ ಹೋಗುವ ಊರಿನ ಸುಗ್ಗಿ ಮೇಳದಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಟೆ ಬಾರಿಸುತ್ತ ಬಂದವನು ಅವನು. ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ಆ ವಾದ್ಯದ ಮೇಲೆ ಅವನ ಕೈ ಬಿತ್ತೆಂದರೆ ಕುಣಿಯುವ ಹನ್ನೆರಡು ಜೊತೆ ಕಾಲೂ ಒಂದೇ ಕಾಲಿನಂತೆ ನೆಲಕ್ಕೆ ಬೀಳುತ್ತಿದ್ದವು. ಅಂಥವನ ಮುಖಕ್ಕೆ ನೇರವಾಗಿ ತಾಳ ಇಲ್ಲ ಎಂದರೆ!

“ಇಲ್ಲ ಅಂದ್ರೆ ಎಂತ? ಮುಂದೆ ಓಡ್ತದಾ, ಹಿಂದೆ ಬೀಳ್ತದಾ?” ಎಂದು ಕೇಳಿದ.

“ಒಮ್ಮೆ ಓಡ್ತದೆ, ಒಮ್ಮೆ ನಿಲ್ತದೆ, ಒಮ್ಮೆ ಮೂರು ಒಟ್ಟಿಗೇ ಬೀಳ್ತದೆ. ಲೆಕ್ಕಕ್ಕೇ ಸಿಗೂದಿಲ್ಲ.”

“ಹಾಂಗಾರೆ ಅದು ನಮ್ಮ ದೇವು ಬಾರ್ಸೂ ಹಾಂಗೇ ಆತು” ಎಂದ ಬೀರಪ್ಪ.

ದೇವು ಅವನ ಹೆಂಡತಿಯ ತಮ್ಮ. ಭಾವನ ಕೈ ಸೋತ ದಿನ ಆ ಗುಮಟೆ ತನ್ನ ಕೊರಳಿಗೆ ಎಂದು ಎಂಟು ವರ್ಷದಿಂದ ಕಾದು ಕುಳಿತವನು. ಬೀರಪ್ಪನ ಚಿಂತೆಯೆಲ್ಲ ಆ ಕ್ಷಣಕ್ಕೆ ಅವನ ಮೇಲೆಯೇ ಹೋಯಿತು. ಸುಗ್ಗಿ ಹೊರಡುವುದಕ್ಕೆ ಇನ್ನು ಒಂಬತ್ತೇ ವಾರ ಇತ್ತು. ಮೊದಲ ದಿನವೇ ಮನೆಯಿಂದ ಮನೆಗೆ ಐದು ಕಿಲೋಮೀಟರು ನಡಿಗೆ. “ನಾನು ಗುಮಟೆ ಕಟ್ಕಂಡು ಹೋಗ್ಬಹುದಾ, ಇಲ್ವಾ? ಅದೊಂದು ಹೇಳಿ” ಎಂದು ಪಟ್ಟು ಹಿಡಿದ.

“ಈಗ ಹೇಳೂದಿಲ್ಲ” ಎಂದರು ಡಾಕ್ಟರು. “ಗುಳಿಗೆ ತಪ್ಪಿಸ್ಬೇಡಿ. ಇದು ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ತದೆ. ಸೊಪ್ಪು ಒಂದಿನ ರಾಶಿ, ಒಂದಿನ ಇಲ್ಲ ಅಂತ ತಿನ್ಬೇಡಿ, ಗುಳಿಗೆಯ ಲೆಕ್ಕ ತಪ್ತದೆ. ಮತ್ತೆ ನಡೀಬೇಕು. ದೊಡ್ಡ ಊರಲ್ಲಿ ಇದಕ್ಕೇ ಒಂದು ತರಗತಿ ಇರ್ತದೆ, ಸೈಕಲ್ ತುಳಿಸ್ತಾರೆ, ಪಕ್ಕದಲ್ಲೇ ನಿಂತು ಬಡಿತ ನೋಡ್ತಾರೆ, ಧೈರ್ಯ ಹೇಳ್ತಾರೆ. ಇಲ್ಲಿ ಅದೆಲ್ಲ ಇಲ್ಲ. ಹೆದ್ದಾರಿ ಒಂದಿದೆ. ಮೊದಲ ವಾರ ಹತ್ತು ಲೈಟಿನ ಕಂಬ ಹೋಗಿ ಬನ್ನಿ. ವಾರಕ್ಕೆ ಐದು ಕಂಬ ಹೆಚ್ಚು ಮಾಡಿ. ನಡೀತಾ ಮಾತಾಡ್ಲಿಕ್ಕೆ ಬರಬೇಕು, ಏದುಸಿರು ಬಂದ್ರೆ ನಿಲ್ಲಿ. ಅಲ್ಲಲ್ಲಿ ಒಂದು ನಿಮಿಷ ನಾಡಿ ಎಣಿಸಿ ಬರೀರಿ. ತಲೆ ತಿರುಗ್ತಾ, ಎದೆ ಹಾರ್ತಾ, ಹೆದರಿಕೆ ಆಯ್ತಾ, ಅದನ್ನೂ ಬರೀರಿ. ಎಂಟು ವಾರ ಬಿಟ್ಟು ಪುಸ್ತಕ ತನ್ನಿ. ಆಗ ಹೇಳ್ತೇನೆ.”

ಹೆಂಡತಿ ಹನುಮಕ್ಕನಿಗೆ ಇದು ಒಂದೂ ಹಿಡಿಸಲಿಲ್ಲ. ಎದೆಯ ಕಾಯಿಲೆಯವರು ಮಲಗಬೇಕು ಎಂದು ಅವಳಿಗೆ ಗೊತ್ತಿತ್ತು. ಯಾರು ಹೇಳಿದರೆಂದು ಕೇಳಿದರೆ, ಎಲ್ಲರೂ ಹೇಳುತ್ತಾರೆ ಎನ್ನುತ್ತಿದ್ದಳು. ಅವಳು ಅವನ ಕೈಯಿಂದ ಕೊಡಪಾನ ಕಿತ್ತುಕೊಂಡಳು, ಕತ್ತಿ ಅಡಗಿಸಿಟ್ಟಳು, ಗುಮಟೆಯನ್ನು ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿ ಏಣಿಯನ್ನು ಆಚೆಮನೆಗೆ ಎರವಲು ಕೊಟ್ಟಳು.

“ಆ ಡಾಕ್ಟರಿಣಿಗೆ ಎಂತ ಗೊತ್ತು, ಸಣ್ಣ ಹುಡ್ಗಿ! ನೀ ಸುಮ್ನೆ ಬಿದ್ಕಣಿ” ಎಂದಳು.

“ಬಿದ್ಕಂಡ್ರೆ ನಿನ್ ತಮ್ಮ ಎದ್ಕಣ್ತ. ನಂಗೆ ಕಾಯಿಲೆ ಅಂತ ಒಂದ್ ನರಪಿಳ್ಳೆಗೂ ತಿಳೀಬಾರ್ದು, ನೋಡ್ಕ” ಎಂದ ಬೀರಪ್ಪ. ಗಂಡನ ಸೀಕು ಊರಿನ ಬಾಯಿಗೆ ಬೀಳುವುದು ಅವಳಿಗೂ ಬೇಡವಾಗಿತ್ತು. ಅಷ್ಟರ ಮಟ್ಟಿಗೆ ಗಂಡ ಹೆಂಡಿರು ಒಂದಾದರು.

ಆದರೆ ನಮ್ಮ ಕಡೆ ಒಂದು ತೊಡಕಿದೆ. ಇಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಮೀನಿಗೆ ನಡೆಯುತ್ತಾರೆ, ಹಾಲಿಗೆ ನಡೆಯುತ್ತಾರೆ, ಜಗಳಕ್ಕೆ ನಡೆಯುತ್ತಾರೆ. ರಸ್ತೆಗೆ ಕಾಲಿಟ್ಟವನಿಗೆ ಎದುರು ಸಿಕ್ಕವನು ಎಲ್ಲಿಗೆ ಎಂದು ಕೇಳಲೇಬೇಕು, ಇವನು ಹೇಳಲೇಬೇಕು. ಹೋಗಿ ಬರಿಗೈಯಲ್ಲಿ ತಿರುಗಿ ಬಂದವನನ್ನು ಇನ್ನೂ ಹೆಚ್ಚು ಕೇಳುತ್ತಾರೆ.

ಮೊದಲ ದಿನ ಬೀರಪ್ಪ ಹೊರಟು ನಾಲ್ಕನೆಯ ಕಂಬ ದಾಟುವಷ್ಟರಲ್ಲಿ ಮುದುಕಿ ಸುಕ್ರಿ ತನ್ನ ಬದನೆ ಮಡಿಯಿಂದ ತಲೆ ಎತ್ತಿ, “ಎಲ್ಲಿಗೆ ಹೊಂಟ್ಯೋ ತಮಾ?” ಎಂದಳು. ಅವನು ರಸ್ತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗ್ಯಾಂಗ್ ಮೇಸ್ತ್ರಿಯಾಗಿದ್ದು ನಿವೃತ್ತನಾದವನು. ಹೊಂಡಕ್ಕೆ ಡಾಂಬರು ಸುರಿಯುವಾಗ ಯಾರೂ ಅವನನ್ನು ಸಾಹೇಬ ಎಂದು ಕರೆದಿರಲಿಲ್ಲ. ಬಾಯಿಗೆ ಬೇರೇನೂ ಬಾರದೆ, “ಸ್ವಲ್ಪ ಸರ್ಕಾರಿ ಕೆಲ್ಸ ಅದೆ” ಎಂದುಬಿಟ್ಟ. ಹೇಳಿದ ಮೇಲೆ ಅದು ಅವನ ಕಿವಿಗೇ ಹಿತವಾಯಿತು. ಮರುದಿನದಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ.

ಇನ್ನು ಅವನ ನಡಿಗೆಯನ್ನು ಊರಿನವರ ಕಣ್ಣಿನಿಂದ ನೋಡಿ. ರಸ್ತೆ ಇಲಾಖೆಯ ಮನುಷ್ಯ ಹೆದ್ದಾರಿ ಹದಿನೇಳರ ಅಂಚಿನಲ್ಲಿ ತಲೆ ತಗ್ಗಿಸಿ ಗೋಕರ್ಣದ ತಿರುವಿನ ದಿಕ್ಕಿಗೆ ಹೋಗುತ್ತಾನೆ. ತನ್ನಷ್ಟಕ್ಕೆ ತಾನೇ ಮಾತಾಡುತ್ತಾನೆ. ಒಂದೊಂದು ಮನೆಯ ಎದುರು ನಿಂತು, ತನ್ನ ಮಣಿಕಟ್ಟು ತಾನೇ ಹಿಡಿದುಕೊಂಡು, ಗಡಿಯಾರ ನೋಡುತ್ತ ತುಟಿ ಅಲ್ಲಾಡಿಸಿ ಏನೋ ಎಣಿಸುತ್ತಾನೆ. ಆಮೇಲೆ ಸಣ್ಣ ಪುಸ್ತಕ ತೆಗೆದು ಅಂಕೆ ಬರೆಯುತ್ತಾನೆ. ಹೆದ್ದಾರಿ ಅಗಲ ಮಾಡುತ್ತಾರಂತೆ, ಅಕ್ಕಪಕ್ಕದ ಮನೆ ಒಡೆಯುತ್ತಾರಂತೆ ಎಂಬ ಸುದ್ದಿ ಭಟ್ಕಳದಿಂದ ಅಂಕೋಲೆಯವರೆಗೆ ರಸ್ತೆ ಬದಿಯವರನ್ನೆಲ್ಲ ಕಾಡುತ್ತಿದ್ದ ಕಾಲ ಅದು.

ಸಾಲದ್ದಕ್ಕೆ ಬೀರಪ್ಪ ಎರಡನೆಯ ವಾರದ ಮೊದಲ ದಿನ ಕೆಂಪು ಬಣ್ಣದ ಡಬ್ಬಿಯನ್ನೂ ಹಿಡಿದುಕೊಂಡು ಹೊರಟ. ಕಿಲೋಮೀಟರ್ ಕಲ್ಲಿಗೆ ಬಳಿದು ಉಳಿದಿದ್ದ ಬಣ್ಣ ಅದು. ಕೆಲಸ ಎಲ್ಲಿಗೆ ಮುಗಿಯಿತೋ ಅಲ್ಲಿ ಗೆರೆ ಎಳೆಯುವುದು, ಮುಂದಿನ ಅಳತೆಯನ್ನು ಆ ಗೆರೆಯಿಂದ ಶುರು ಮಾಡುವುದು, ಇದು ಅವನು ಮೂವತ್ತೊಂದು ವರ್ಷ ಮಾಡಿದ ಕ್ರಮ. ಮನೆಯಿಂದ ಹದಿನೈದನೆಯ ಕಂಬ ಬಂದದ್ದು ಬದನೆ ಮಡಿ ದಾಟಿ ಬಹಳ ಮುಂದೆ ಇದ್ದ ಸುಕ್ರಿಯ ಮನೆಯ ಬೇಲಿಗಲ್ಲಿನ ಹತ್ತಿರ. ಅದರ ಮೇಲೆ ಅಚ್ಚುಕಟ್ಟಾಗಿ ಒಂದು ಗೆರೆ, ಅದರ ಕೆಳಗೆ ಎರಡು ಎಂಬ ಅಂಕೆ ಬರೆದು, ನಾಡಿ ಎಣಿಸಿ ಮನೆಗೆ ಬಂದು ಮಲಗಿದ.

ಮನೆ ಒಡೆಯುವ ಗುರುತು ಇದೇ ಎಂದು ಸುಕ್ರಿಗೆ ಖಾತ್ರಿಯಾಯಿತು. ಎರಡು ಕಟ್ಟು ಬಸಳೆ, ಒಂದು ಕಟ್ಟು ಹರಿವೆ ತಲೆಯ ಮೇಲಿಟ್ಟುಕೊಂಡು ಬೀರಪ್ಪನ ಮನೆಗೆ ಬಂದಳು. “ಇದು ಮನಿಗೆ. ತಮಂಗೆ ಹೇಳು, ಮುದ್ಕಿ ಮೇಲೆ ಕಣ್ಣಿರ್ಲಿ ಅಂತ.”

“ಸೊಪ್ಪಾ? ಬ್ಯಾಡ, ಬ್ಯಾಡ! ನಮ್ಮನೇಲಿ ಈಗ ಸೊಪ್ಪು ಅಳ್ದು ತಿನ್ನೂದು” ಎಂದು ಗುಳಿಗೆಯ ನೆನಪಾಗಿ ಹನುಮಕ್ಕ ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ಸಂಜೆಯೊಳಗೆ ಇದು ಊರೆಲ್ಲ ಹರಡಿತು. ತೆಗೆದುಕೊಂಡಿದ್ದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಕೊಟ್ಟದ್ದನ್ನು ಮುಟ್ಟದ ಸರ್ಕಾರಿ ಮನುಷ್ಯ! ನರೇಶನ ಹೋಟೆಲಿನಲ್ಲಿ ಚಹಾ ಆರಿ ತಣ್ಣಗಾಯಿತು. ನರೇಶ ಪಂಚಾಯ್ತಿ ಸದಸ್ಯನೂ ಹೌದು. ಅವನು ಗಲ್ಲದ ಮೇಲೆ ಕೈಯಿಟ್ಟುಕೊಂಡು, “ತಕಂಬಂವ ಆಗಿದ್ರೆ ಎಂತಾರೂ ಮಾಡ್ಬಹುದಿತ್ತು. ಇಂವ ಲಂಚ ಮುಟ್ಟೂದಿಲ್ಲ ಅಂದ್ರೆ ನಮ್ ಕತೆ ಮುಗೀತು” ಎಂದ.

ಸುಕ್ರಿ ಸರ್ಕಾರವನ್ನು ನಂಬಿ ಬದುಕಿದವಳಲ್ಲ. ಮರುದಿನ ಮಧ್ಯಾಹ್ನ ತೆಂಗಿನ ನಾರು, ಬೂದಿ ತೆಗೆದುಕೊಂಡು ಕಲ್ಲನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಗೆರೆ ಅಳಿಸಿಬಿಟ್ಟರೆ ಮತ್ತೆ ಹಾಕುತ್ತಾನೆ ಎಂಬ ಬುದ್ಧಿ ಅವಳಿಗಿತ್ತು. ಅದಕ್ಕೆ ಗೋಡೆಗೆ ಬಳಿಯುವ ಕೆಮ್ಮಣ್ಣು ಕಲಸಿ, ನಾಲ್ಕು ಕಂಬ ಆಚೆ ದೇವುವಿನ ಗೇಟಿನ ಕಲ್ಲಿಗೆ ಅಂಥದೇ ಗೆರೆ ಎಳೆದು, ಎರಡು ಎಂದೂ ಬರೆದು ಬಂದಳು. ದೇವು ಸಂಜೆ ಕಂಡ. ಬೆಳಗಾಗುವಾಗ ಆ ಗೆರೆ ಇನ್ನೂ ಮೂರು ಕಂಬ ಆಚೆ ನರೇಶನ ಹೋಟೆಲಿನ ಕಂಬದ ಮೇಲಿತ್ತು. ನರೇಶ ಜನಪ್ರತಿನಿಧಿ. ಹಾಗಾಗಿ ಅದನ್ನು ತನ್ನ ವಾರ್ಡಿನ ಆಚೆಗೇ ದಾಟಿಸಿದ.

ಗೆರೆ ಹೀಗೆ ನಡೆಯತೊಡಗಿದ್ದು ಬೀರಪ್ಪನಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಯಿತು. ಸುಕ್ರಿ ಮನೆ ಎದುರು ಹಾಕಿದ್ದಲ್ಲವೇ ಎಂದು ಒಂದು ಗಳಿಗೆ ನಿಂತು ಯೋಚಿಸಿದ. ಆದರೆ ಕಲ್ಲಿಗೂ ಮನುಷ್ಯನಿಗೂ ವ್ಯತ್ಯಾಸ ಬಂದರೆ ಕಲ್ಲೇ ಸರಿ ಎಂದು ಮೂವತ್ತೊಂದು ವರ್ಷ ಗ್ಯಾಂಗಿನವರನ್ನು ಬೈದವನು ಅವನು. ಗುಳಿಗೆಯಿಂದ ಮರೆವು ಬರುತ್ತಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಗೆರೆಯವರೆಗೂ ನಡೆದ. ವಾರ ಕಳೆದ ಮೇಲೆ ಗೆರೆಯಿಂದ ಮುಂದೆ ಐದು ಕಂಬ ಎಣಿಸಿ ಹೊಸ ಗೆರೆ ಹಾಕಿದ. ಅಲ್ಲಿಯ ಮನೆಯವರು ಅದನ್ನು ಮುಂದಿನ ಮನೆಗೆ ಕಳಿಸಿದರು. ರಸ್ತೆ ಬದಿಯಲ್ಲಿ ಕೆಮ್ಮಣ್ಣಿಗೆ ಬರ ಬಂತು.

ಈ ನಡುವೆ ಒಂದು ದಿನ ಬೀರಪ್ಪ ಹೋಟೆಲಿನ ಬೆಂಚಿನ ಮೇಲೆ ಪುಸ್ತಕ ಇಟ್ಟು ಕೈ ತೊಳೆಯಲು ಹೋದಾಗ ನರೇಶ ಒಂದು ಪುಟ ಕದ್ದು ನೋಡಿದ. ‘ಸುಕ್ರಿ ಮನೆ ೧೧೨. ದೇವು ಮನೆ ೮೮. ಹೋಟೆಲು ೧೦೪.’ ರಸ್ತೆಯ ನಡುವಿನಿಂದ ಎಷ್ಟು ಅಡಿ ಒಡೆಯುತ್ತಾರೆ ಎಂಬುದರ ಲೆಕ್ಕ ಇದೆಂದು ಅವನಿಗೆ ಕೂಡಲೇ ಹೊಳೆಯಿತು.

“ನನ್ ಹೋಟ್ಲು ನೂರಾ ನಾಲ್ಕು, ದೇವುಂದು ಬರೇ ಎಂಬತ್ತೆಂಟು! ಹೆಂಡ್ತಿ ತಮ್ಮ ಅಂತ ಹದಿನಾರು ಅಡಿ ಬಿಟ್ಟಾನೆ, ನೋಡಿ!” ಎಂದು ಕೂಗಾಡಿದ.

ನೂರಾ ಹನ್ನೆರಡು ಎಂದು ಕೇಳಿ ಸುಕ್ರಿ ಎದೆ ಬಡಿದುಕೊಂಡಳು. ಅಷ್ಟು ಅಡಿ ಒಳಗೆ ಹೋದರೆ ಅವಳ ಮನೆಯಷ್ಟೇ ಅಲ್ಲ, ಹಿಂದಿನ ಬಾವಿಯೂ ಹೋಗುತ್ತಿತ್ತು. ದೇವು ಮಾತ್ರ ಮೊದಲ ಬಾರಿಗೆ ಭಾವನ ಮೇಲೆ ಪ್ರೀತಿ ಬಂದು, ಮೂರು ದಿನ ಎದುರು ಸಿಕ್ಕಾಗಲೆಲ್ಲ ಅವನ ತಲೆಯ ಮೇಲೆ ಛತ್ರಿ ಹಿಡಿದ. ಜನವರಿ ತಿಂಗಳಲ್ಲಿ ಛತ್ರಿ ಏಕೆಂದು ಬೀರಪ್ಪನಿಗೆ ತಿಳಿಯಲಿಲ್ಲ.

ಹೆದ್ದಾರಿ ಹೋರಾಟ ಸಮಿತಿ ಹುಟ್ಟಿತು. ನರೇಶ ಅಧ್ಯಕ್ಷನಾದ. ಸಮಿತಿಯವರು ಮನವಿ ಹಿಡಿದು ಒಂದು ಕಚೇರಿಗೆ ಹೋದರು. ಯಾವ ಕಚೇರಿ ಎಂದು ಹೇಳಿ ನಾನು ಯಾರ ವೈರವನ್ನೂ ಕಟ್ಟಿಕೊಳ್ಳಲಾರೆ. ಅಲ್ಲಿಯ ಸಾಹೇಬರಿಗೆ ಇಂಥ ಅಳತೆಯ ಸುದ್ದಿಯೇ ಗೊತ್ತಿರಲಿಲ್ಲ. ಆದರೆ ತಮ್ಮ ಸರಹದ್ದಿನಲ್ಲಿ ನಡೆಯುತ್ತಿರುವ ಕೆಲಸ ತಮಗೇ ಗೊತ್ತಿಲ್ಲ ಎನ್ನುವುದಕ್ಕೆ ಅವರೇನು ಸಾಮಾನ್ಯ ಮನುಷ್ಯರೇ? ಮೇಲಿನವರಿಗೆ ಫೋನು ಮಾಡಿದರು. ಮೇಲಿನವರಿಗೂ ಅದೇ ಕಷ್ಟ. “ಕೆಳಗೆ ನಡೀತಾ ಇದೆ ಅಂದ್ರೆ ನಡೀತಾ ಇರ್ಬಹುದು” ಎಂದರು. ನಾಲ್ಕನೆಯ ದಿನ ಮೊಹರು ಹಾಕಿದ ಪತ್ರ ಬಂತು: ‘ಅಳತೆ ಕಾರ್ಯವು ನಿಯಮಾನುಸಾರ ಪ್ರಗತಿಯಲ್ಲಿದ್ದು, ಸಾರ್ವಜನಿಕರು ಸಹಕರಿಸತಕ್ಕದ್ದು.’

ನರೇಶ ಅದನ್ನು ಹೋಟೆಲಿನ ಗೋಡೆಗೆ ಅಂಟಿಸಿದ. ನಡಿಗೆಯಲ್ಲಿದ್ದ ಬೀರಪ್ಪ ಅದನ್ನು ಓದಿ ಬಿಳಿಚಿಕೊಂಡ. ಅವನ ಮನೆಯೂ ರಸ್ತೆ ಬದಿಯದೇ. “ಯಾವ ಬೇವರ್ಸಿ ಅಳೀತಾ ಇದ್ದಾನೆ ಮಾರಾಯಾ? ದಿನಾ ಇದೇ ರಸ್ತೇಲಿ ಓಡಾಡ್ತೆ, ನನ್ ಕಣ್ಣಿಗೇ ಬೀಳ್ಲಿಲ್ವಲ್ಲ!” ಎಂದವನೇ ಮನವಿಯ ಹಾಳೆ ಎಳೆದುಕೊಂಡು, ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ತನ್ನ ಸಹಿ ಹಾಕಿದ. ಹೋಟೆಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ನಾಚಿಕೆ ಎಂಬುದನ್ನು ಇಷ್ಟು ಪೂರ್ತಿಯಾಗಿ ಬಿಟ್ಟವನನ್ನು ಅವರು ಹಿಂದೆ ಕಂಡಿರಲಿಲ್ಲ.

ಏಳನೆಯ ವಾರ ರಸ್ತೆ ತಡೆ ಆಯಿತು. ಹೋಟೆಲಿನ ಎದುರು ಅಡ್ಡಲಾಗಿ ಬೆಂಚು ಇಟ್ಟರು. ಎರಡೂ ಕಡೆ ಲಾರಿ ನಿಂತವು. ಸಾಹೇಬರು ಜೀಪಿನಲ್ಲಿ ಬಂದು ಇಳಿದರು. ಅದೇ ಹೊತ್ತಿಗೆ ಬೀರಪ್ಪ ನಡಿಗೆ ಮುಗಿಸಿ ಹಿಂದೆ ಬರುತ್ತಿದ್ದ. ಗುಂಪು ಕಂಡು, ತನ್ನ ಮನೆ ಉಳಿಸುವ ಹೋರಾಟವಲ್ಲವೇ ಎಂದು ಉತ್ಸಾಹದಿಂದ ಒಳಗೆ ನುಗ್ಗಿ, “ಅಳೆಯೂದು ನಿಲ್ಸಿ!” ಎಂದು ಕೂಗಿದ.

“ಅಳೆಯಂವ ನೀನೇ ಅಲ್ವೇನೋ!” ಎಂದು ನರೇಶ ಅವನ ಕಿಸೆಯ ಪುಸ್ತಕ ಕಿತ್ತುಕೊಂಡ. “ನೋಡಿ ಸಾಹೇಬ್ರೇ, ಇಲ್ಲೇ ಎಲ್ಲಾ ಅದೆ. ನಾ ಓದ್ತೆ, ಎಲ್ಲರೂ ಕೇಳಿ!”

ಬೀರಪ್ಪ ಕೈ ಚಾಚಿದ. ದೇವು ಅವನ ಕೈ ಹಿಡಿದುಕೊಂಡ.

ನರೇಶ ದೊಡ್ಡ ಗಂಟಲಿನಲ್ಲಿ ಶುರು ಮಾಡಿದ. “ಸೋಮವಾರ. ಸುಕ್ರಿ ಮನೆ, ನೂರಾ ಹನ್ನೆರಡು. ಎದೆ ಹಾರಿತು. ಬೇಲಿ ಹಿಡ್ಕಂಡು ನಿಂತೆ.” ಅವನ ಗಂಟಲು ಸ್ವಲ್ಪ ಇಳಿಯಿತು. “ಮಂಗಳವಾರ. ದೇವು ಮನೆ, ಎಂಬತ್ತೆಂಟು. ತಲೆ ತಿರುಗಲಿಲ್ಲ. ದೇವು ಎದುರು ಬಂದ, ನಗಾಡಿದೆ. ಬುಧವಾರ. ಹೋಟೆಲು, ನೂರಾ ನಾಲ್ಕು. ಹೆದರಿಕೆ ಆಯಿತು. ರಸ್ತೆ ಮೇಲೇ ಬಿದ್ದು ಸತ್ತರೆ ಏನು ಗತಿ ಅನ್ನಿಸಿತು. ಹನುಮಕ್ಕನಿಗೆ ಹೇಳಲಿಲ್ಲ. ಗುರುವಾರ. ಹೆದರಿಕೆ ಆಯಿತು. ಹೇಳಲಿಲ್ಲ.”

ನರೇಶ ಪುಸ್ತಕ ಮಡಿಸಿ ಬೀರಪ್ಪನ ಕಿಸೆಗೇ ಮರಳಿ ತುರುಕಿದ. ಗುಂಪಿನ ಹಿಂದೆ ನಿಂತಿದ್ದ ಹನುಮಕ್ಕ ಜನರನ್ನು ನೂಕಿಕೊಂಡು ಮುಂದೆ ಬಂದು, ಗಂಡನ ಎದುರು ನಿಂತು, ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೇಳೂಕೆ ಎಂತಾ ಆಗಿತ್ತು ನಿಂಗೆ? ಊರಿಗೆ ಹೇಳ್ಬ್ಯಾಡ ಅಂದ್ರೆ ನಂಗೂ ಹೇಳ್ಬ್ಯಾಡ ಅಂತವಾ?”

“ಹೇಳಿದ್ರೆ ನೀ ನಡಿಲಿಕ್ಕೆ ಬಿಡ್ತಿದ್ಯಾ?” ಎಂದ ಬೀರಪ್ಪ.

ಅದು ಅಡಿಯ ಲೆಕ್ಕವಲ್ಲ, ಎದೆಯ ಕಾಯಿಲೆಯ ಲೆಕ್ಕ ಎಂದು ತಿಳಿದದ್ದೇ ಊರಿನವರಿಗೆಲ್ಲ ಕರುಣೆ ಉಕ್ಕಿತು. ಕುರ್ಚಿ ಬಂತು, ನೀರು ಬಂತು. ಯಾರೋ ಬೀಸಣಿಗೆ ತಂದರು. ಒಬ್ಬಳು ಆಗಲೇ ಅಳತೊಡಗಿದಳು. ಸಾಹೇಬರು ಅಳತೆಯ ವಿಷಯ ಹಿಂದೆ ಬಿದ್ದದ್ದಕ್ಕೆ ಬದುಕಿದೆನೆಂದು, “ಇವರನ್ನು ನಮ್ಮ ಜೀಪಿನಲ್ಲಿ ಮಲಗಿಸಿ” ಎಂದು ಅಪ್ಪಣೆ ಮಾಡಿದರು. ನಾಲ್ಕು ಜನ ಬೀರಪ್ಪನ ಕೈಕಾಲು ಹಿಡಿದು ಎತ್ತಿಯೂ ಆಯಿತು.

“ಬಿಡ್ರೋ! ದಿನಾ ಏಳನೇ ಗೆರೆ ಮುಟ್ಟಿ ಬತ್ತೆ ನಾನು, ಏಳನೇ ಗೆರೆ! ನಲವತ್ತು ಕಂಬ!” ಎಂದು ಅವನು ಗಾಳಿಯಲ್ಲೇ ಕೂಗಿದ.

ಸುಕ್ರಿ ಕೆಮ್ಮಿದಳು. “ನಲವತ್ತಲ್ಲ ತಮಾ” ಎಂದಳು. ಎಲ್ಲರೂ ಅವಳ ಕಡೆ ತಿರುಗಿದರು. “ಮೊದ್ಲು ಗೆರೆ ದಾಟ್ಸದ್ದು ನಾನೇ. ದೇವು ಮನೆ ಕಲ್ಲಿಗೆ ಹಾಕ್ದೆ.”

ದೇವು ನರೇಶನನ್ನು ನೋಡಿದ. ನರೇಶ ಆಚೆ ವಾರ್ಡಿನವರನ್ನು ನೋಡಿದ. ಆಚೆ ವಾರ್ಡಿನವರು ನೆಲ ನೋಡಿದರು. ಏಳನೆಯ ಗೆರೆ ಈಗ ಎಷ್ಟನೆಯ ಕಂಬದಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಬೀರಪ್ಪನನ್ನು ಇಳಿಸಿ, ಸಾಹೇಬರೇ ಜೀಪು ಹತ್ತಿ ಬೀರಪ್ಪನ ಮನೆಯಿಂದ ಕಂಬ ಎಣಿಸುತ್ತ ಹೋದರು. ಆ ರಸ್ತೆಯಲ್ಲಿ ಸರ್ಕಾರದವರು ನಿಜವಾಗಿ ಮಾಡಿದ ಅಳತೆ ಅದೊಂದೇ. ತಿರುಗಿ ಬಂದು, “ಅರವತ್ತೆರಡು ಕಂಬ. ಹೋಗಿ ಬರಲಿಕ್ಕೆ ಆರು ಕಿಲೋಮೀಟರಿನ ಮೇಲೆ” ಎಂದರು.

ಬೀರಪ್ಪ ಮಣಿಕಟ್ಟು ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟ. ಸುಗ್ಗಿಯ ಮೊದಲ ದಿನದ ನಡಿಗೆ ಐದೇ ಕಿಲೋಮೀಟರು.

ಎಂಟನೆಯ ವಾರ ಡಾಕ್ಟರ್ ಮಾಲಿನಿ ಪುಸ್ತಕವನ್ನು ಮೊದಲಿನಿಂದ ಓದಿದರು. “ನಾನು ಹೇಳಿದ್ದು ಇಷ್ಟಲ್ಲ. ಇಷ್ಟು ಬೇಗ ಹೆಚ್ಚು ಮಾಡಿ ಅಂದದ್ದು ಯಾರು?” ಎಂದು ಕೇಳಿದರು.

“ಸುಕ್ರಿ” ಎಂದ ಬೀರಪ್ಪ.

ಎಲ್ಲ ಕೇಳಿದ ಮೇಲೆ ಅವರು ಹತ್ತು ನಿಮಿಷ ಬೈದರು, ಎರಡು ನಿಮಿಷ ನಕ್ಕರು. ನಿಮ್ಮ ಅದೃಷ್ಟ ಚೆನ್ನಾಗಿತ್ತು, ಇನ್ನೊಬ್ಬರಿಗೆ ಹೀಗೆ ಮಾಡಿಸಿದರೆ ಪೊಲೀಸರಿಗೆ ಕೊಡುತ್ತೇನೆ ಎಂದರು. ಮತ್ತೆ ತಂತಿ ಅಂಟಿಸಿ ನೋಡಿದರು. ತಾಳ ಬಂದಿರಲಿಲ್ಲ. ಅದು ಇನ್ನು ಬಾರದೆಯೂ ಇರಬಹುದು, ಆದರೆ ಓಟ ಹಿಡಿತಕ್ಕೆ ಬಂದಿದೆ, ಕಾಲಿಗೆ ಬಲ ಬಂದಿದೆ ಎಂದರು. “ಹೋಗಿ. ಆದ್ರೆ ಭಾರ ಹೊತ್ಕೊಂಡು ನಡೀಬೇಡಿ. ಪ್ರತಿ ಮನೆಯಲ್ಲಿ ನಾಡಿ ನೋಡ್ಬೇಕು. ಅದೂ ನೀವಲ್ಲ, ನಿಮ್ಮ ಹೆಂಡತಿ.” ಅಷ್ಟು ಹೇಳಿ ಹನುಮಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಬೆರಳನ್ನು ಅವನ ಮಣಿಕಟ್ಟಿನ ಮೇಲೆ ಇರಿಸಿ, ಎಣಿಸುವುದನ್ನು ಕಲಿಸಿದರು. ನಲವತ್ತು ವರ್ಷದ ಸಂಸಾರದಲ್ಲಿ ಬೀರಪ್ಪ ಪರರ ಎದುರು ಹೆಂಡತಿಯ ಕೈಗೆ ಕೈ ಕೊಟ್ಟದ್ದು ಅದೇ ಮೊದಲು, ಗೋಡೆ ನೋಡುತ್ತ ಕುಳಿತಿದ್ದ.

ಆಚೆಮನೆಯಿಂದ ಏಣಿ ಮರಳಿ ಬಂತು, ಗುಮಟೆ ಅಟ್ಟದಿಂದ ಇಳಿಯಿತು. ಸುಗ್ಗಿಯ ದಿನ ದೇವು ಹಿಂದಿನಿಂದ ಬಂದು ಅದನ್ನು ತನ್ನ ಕೊರಳಿಗೆ ಹಾಕಿಕೊಂಡ. ಬೀರಪ್ಪನ ಮುಖ ಕಪ್ಪಿಟ್ಟಿತು. “ಬಾರ್ಸೂದು ನೀನೇ ಭಾವಾ” ಎಂದ ದೇವು. “ಮನೆಯಿಂದ ಮನೆಗೆ ಹೊರೂದು ನಾನು. ಎಂಟು ವರ್ಷ ಕಾದೀನಿ, ಹೊರ್ಲಿಕ್ಕಾದ್ರೂ ಕೊಡು.”

ಮೇಳ ಹೊರಟಿತು. ದಾರಿಯುದ್ದಕ್ಕೂ ಒಂದು ವಿಚಿತ್ರ ಕಂಡಿತು. ಗೆರೆಯನ್ನು ಓಡಿಸಿದವರೆಲ್ಲ ಈಗ ತಮ್ಮ ತಮ್ಮ ಕಲ್ಲಿಗೆ ಕೆಮ್ಮಣ್ಣಿನಿಂದ ತಾವೇ ಗೆರೆ ಎಳೆದು, ಪಕ್ಕದಲ್ಲಿ ಒಂದು ಮಣೆ ಇಟ್ಟು ಕಾದಿದ್ದರು. ಬೀರಪ್ಪ ನಮ್ಮಲ್ಲೇ ಕೂರಬೇಕು ಎಂದು ಮನೆಮನೆಗೂ ಜಗಳ. ಎಲ್ಲ ಮಣೆಯ ಮೇಲೂ ಕೂತಿದ್ದರೆ ಮೇಳ ಹೋಳಿ ಕಳೆದ ಮೇಲೆ ಮನೆ ಸೇರುತ್ತಿತ್ತು.

ಸುಕ್ರಿಯ ಅಂಗಳದಲ್ಲಿ ಕುಣಿತದವರು ಸಾಲು ಕಟ್ಟಿ ನಿಂತರು. ದೇವು ಗುಮಟೆಯನ್ನು ಭಾವನಿಗೆ ದಾಟಿಸಿದ. ಹನುಮಕ್ಕ ಎಲ್ಲರ ಎದುರೇ ಗಂಡನ ಮಣಿಕಟ್ಟು ಹಿಡಿದಳು. ಹನ್ನೆರಡು ಜನ ಒಂದು ನಿಮಿಷ ಕಾಲೆತ್ತದೆ ಕಾದರು. “ತೊಂಬತ್ತಾರು” ಎಂದು ಬರೆದುಕೊಂಡಳು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ, ಮೆಲ್ಲಗೆ ಬರುತ್ತಿತ್ತು.

“ತಲೆ ತಿರುಗ್ತಾ?”

“ಇಲ್ಲ.”

“ಹೆದ್ರಿಕೆ ಆತಾ?”

“ಇಲ್ಲ ಮಾರಾಯ್ತಿ. ಬಾರ್ಸಲಾ?”

“ತಡಿ” ಎಂದಳು ಹನುಮಕ್ಕ. ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಆ ಸಾಲಿನಲ್ಲಿ ‘ನನಗೆ ಆಯಿತು’ ಎಂದು ಬರೆದು, ಪುಸ್ತಕ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹ್ಞೂಂ, ಇನ್ನು ಬಾರ್ಸು.”